ಸೊಲ್ಲು ನೆಲಕ್ಕೆ ಬೀಳಬಾರದು

ಮೂವತ್ತೆಂಟು ವರ್ಷ ನಾನು ಹಾಡು ಹಿಡಿದಿಡುವ ಕೆಲಸ ಮಾಡಿದೆ. ಕಾರವಾರದ ಪೇಟೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ಒಂದು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ. ಈಗ ಅದು ಮುಚ್ಚಿದೆ, ನಾನೂ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ಹಣಕೋಣದ ನಮ್ಮ ಮನೆಗೆ ಬಂದು ಯಾವ ಮೈಕು ಒಳ್ಳೆಯದು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಮೈಕು ಯಾವುದಾದರೇನು ಮಾರಾಯರೆ, ಮೊದಲು ಎದುರಿಗೆ ನಿಂತವರು ಎಂತ ಹಾಡುತ್ತಿದ್ದಾರೆ ಅಂತ ಕೇಳಿಸಿಕೊಳ್ಳಿ ಎಂದು ಗದರುತ್ತೇನೆ. ಗದರಿದ ಮೇಲೆ ಚಹಾ ಕೊಡುತ್ತೇನೆ. ನಿಜ ಹೇಳಬೇಕೆಂದರೆ ಈ ಬುದ್ಧಿ ನನಗೂ ಬಂದದ್ದು ಕೆಲಸದ ಕೊನೆಯ ವರ್ಷ, ಅದೂ ದೊಡ್ಡದೊಂದು ಎಡವಟ್ಟು ಮಾಡಿಕೊಂಡ ಮೇಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಸ್ಟುಡಿಯೊ ಎಂದರೆ ಮೊಟ್ಟೆಯ ಟ್ರೇ ಅಂಟಿಸಿದ ನಾಲ್ಕು ಗೋಡೆ, ಒಂದು ಗಾಜಿನ ಕಿಟಕಿ, ಎರಡು ಸ್ಪೂಲ್ ಟೇಪಿನ ಮಷಿನ್ನು. ಫ್ಯಾನ್ ಹಾಕಿದರೆ ಸದ್ದು, ಹಾಕದಿದ್ದರೆ ಹಾಡುವವರ ಬೆವರು ಮೈಕಿನ ಮೇಲೆ. ಕೆಳಗಿನ ಅಂಗಡಿಯಲ್ಲಿ ಯಾರಾದರೂ ಕೊಡಪಾನ ಬಡಿದು ನೋಡಿದರೆ ಮೇಲೆ ನಮ್ಮ ಭಜನೆ ನಿಲ್ಲುತ್ತಿತ್ತು. ಮಾಲೀಕರು ವಾಮನ ಮಾಮ. ಅವರ ಮನೆಮಾತು ಕೊಂಕಣಿ, ಬೈಗುಳವೂ ಕೊಂಕಣಿ. ಹೊಗಳಿಕೆ ಮಾತ್ರ ಯಾವ ಭಾಷೆಯಲ್ಲೂ ಬಾಯಿಂದ ಹೊರಡುತ್ತಿರಲಿಲ್ಲ.

ಆಗ ಎಡಿಟಿಂಗ್ ಎಂದರೆ ದಾಡಿಯ ಬ್ಲೇಡು. ಬೇಡದ ಸದ್ದು ಎಲ್ಲಿದೆ ಎಂದು ಟೇಪನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದು ಕೇಳಿ, ಸೀಸದ ಕಡ್ಡಿಯಿಂದ ಗುರುತು ಹಾಕಿ, ಕತ್ತರಿಸಿ, ಎರಡು ತುದಿ ಕೂಡಿಸಿ ಅಂಟಿಸುವುದು. ಕ್ಯಾಸೆಟ್ಟಿನ ಒಂದು ಬದಿಗೆ ಇಷ್ಟೇ ನಿಮಿಷ ಎಂದಿರುತ್ತಿತ್ತು. ಹಾಗಾಗಿ ಬ್ಲೇಡಿಗೆ ಮೊದಲು ಬಲಿಯಾಗುತ್ತಿದ್ದದ್ದು ಸಾಲು ಸಾಲಿನ ನಡುವಿನ ಖಾಲಿ ಜಾಗ. ಹಾಡುವವನು ಉಸಿರು ತೆಗೆದುಕೊಳ್ಳುವುದನ್ನೂ ನಾನು ಬಿಡುತ್ತಿರಲಿಲ್ಲ. ನನ್ನ ಕೈಯಿಂದ ಹೊರಬಿದ್ದ ಹಾಡಿನಲ್ಲಿ ಇರುವೆ ನುಗ್ಗಲೂ ಸಂದಿ ಇರುವುದಿಲ್ಲ ಎಂದು ಪೇಟೆಯಲ್ಲಿ ಹೆಸರಾಗಿತ್ತು, ನನಗೂ ಅದರಲ್ಲಿ ಸ್ವಲ್ಪ ಜಂಬವಿತ್ತು.

ಸೇರಿದ ಎರಡನೇ ವರ್ಷ ಒಬ್ಬ ಭಜನೆ ಬುವಾ ಹಾಡುವಾಗ ಸರಿಯಾಗಿ ದೇವರ ಹೆಸರು ಬರುವ ಮುಂಚೆ ಕೆಮ್ಮಿದರು. ನಾನು ಕೆಮ್ಮು ಕತ್ತರಿಸಿ ಬುಟ್ಟಿಗೆ ಎಸೆದೆ. ವಾಮನ ಮಾಮ ಬಂದು ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಕೇಳಿದರು. ಅವರ ಹುಬ್ಬು ಮೇಲೇರಿತು. “ಕಿತೆಂ ರೇ ಹೆಂ? ಇದೆಂತದೋ! ಕೆಮ್ಮಿನ ಸಂಗ್ತಿಗೆ ದೇವರನ್ನೂ ಕತ್ತರಿಸಿ ಒಗೆದೆಯಲ್ಲೋ!” ಬುಟ್ಟಿ ಆಗಲೇ ಖಾಲಿಯಾಗಿ ಕಸ ಬೀದಿಗೆ ಹೋಗಿತ್ತು. ಪೇಟೆಯ ಜನ ನೋಡುತ್ತಿರುವಾಗ ನಾನು ಕಸದ ರಾಶಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬಟಾಟೆ ಸಿಪ್ಪೆಯ ನಡುವೆ ಗೇಣುದ್ದದ ಟೇಪು ಹುಡುಕಿದೆ. ದೇವರು ದೊಡ್ಡವನು, ಸಿಕ್ಕಿದ.

ಅವತ್ತು ಮಾಮ ಒಂದು ಕಟ್ಟಳೆ ಮಾಡಿದರು. ಹಾಡಿದವರು ಕೂತು ಪೂರ್ತಿ ಕೇಳಿ ಹೂಂ ಅನ್ನುವವರೆಗೆ ಕತ್ತರಿಸಿದ ಯಾವ ಚೂರನ್ನೂ ಎಸೆಯಕೂಡದು. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಚೂರುಗಳನ್ನು ತೂಗುಹಾಕಿದೆವು. ಪ್ರತಿಯೊಂದಕ್ಕೂ ಚೀಟಿ: ಯಾವ ಹಾಡು, ಎಷ್ಟನೇ ಸಾಲು, ಕೆಮ್ಮೋ, ಉಸಿರೋ, ಖಾಲಿಯೋ. ನೋಡಿದವರು ಇಲ್ಲೇನು ಶಾವಿಗೆ ಒಣಗಿಸುತ್ತೀರಾ ಎಂದು ಕೇಳುತ್ತಿದ್ದರು. ಮುಂದೆ ಕಂಪ್ಯೂಟರ್ ಬಂದು ಬ್ಲೇಡು, ದಾರ, ಕ್ಲಿಪ್ಪು ಎಲ್ಲ ಹೋದವು. ಕೈಗೆ ಹತ್ತಿದ ಚಟ ಮಾತ್ರ ಹೋಗಲಿಲ್ಲ. ಕತ್ತರಿಸಿದ್ದನ್ನೆಲ್ಲ ಬೇರೆ ಒಂದು ಫೋಲ್ಡರಿನಲ್ಲಿ, ಅದೇ ಹಳೆಯ ಚೀಟಿಯ ಕ್ರಮದಲ್ಲಿ ಇಡುತ್ತಿದ್ದೆ. ಆ ಫೋಲ್ಡರಿನ ಹೆಸರು ‘ಕಸ’.

ಇನ್ನು ದೇವಕಿಯ ವಿಷಯ ಹೇಳಬೇಕು. ಟೇಪಿನ ಕಾಲದಲ್ಲೇ ಒಮ್ಮೆ ನಾಟಿಯ ಪದಗಳ ಕ್ಯಾಸೆಟ್ ಮಾಡೋಣವೆಂದು ಚೆಂಡಿಯಾ ಕಡೆಯಿಂದ ನಾಲ್ವರು ಹೆಂಗಸರನ್ನು ಕರೆಸಿದ್ದೆವು. ಕಂಡವರ ಗದ್ದೆಯಲ್ಲಿ ಕೂಲಿ ನಾಟಿ ಮಾಡುವವರು. ಮೈಕಿನ ಮುಂದೆ ನಿಲ್ಲಿಸಿದರೆ ಒಬ್ಬರ ಬಾಯಿಂದಲೂ ಸ್ವರ ಹೊರಡದು. ನಾನು ಹತ್ತು ಸಲ ಹೇಳಿ ನೋಡಿದೆ. ಅವರಲ್ಲಿ ಒಬ್ಬಳು ಸೊಂಟಕ್ಕೆ ಕೈ ಕೊಟ್ಟು ಕೇಳಿಯೇಬಿಟ್ಟಳು. “ನಿಂತ್ಕಂಡು ಹಾಡೂದು ಹೆಂಗ್ರಾ ಮಾಸ್ತರ್ರೆ? ನಾವೇನು ಶಾಲೆ ಮಕ್ಳಾ, ಪ್ರಾರ್ಥನೆ ಹೇಳೂಕೆ?” ಅವಳೇ ದೇವಕಿ. ನಾಲ್ವರೂ ಸೆರಗು ಕಟ್ಟಿ, ಸೊಂಟ ಬಗ್ಗಿಸಿ, ಇಲ್ಲದ ಸಸಿಯನ್ನು ಇಲ್ಲದ ಕೆಸರಿಗೆ ಊರತೊಡಗಿದ ಮೇಲೆ ಹಾಡು ತಾನಾಗಿ ಬಂತು. ನಾನು ಮೈಕುಗಳನ್ನೆಲ್ಲ ಮೊಣಕಾಲಿನ ಮಟ್ಟಕ್ಕೆ ಇಳಿಸಿದೆ.

ಆ ಪದಗಳ ರೀತಿ ಹೀಗೆ: ಒಬ್ಬಳು ಒಂದು ಸಾಲು ಎತ್ತುತ್ತಾಳೆ, ಮತ್ತೊಬ್ಬಳು ಅದನ್ನು ತೆಗೆದುಕೊಂಡು ತಿರುಗಿ ಹೇಳುತ್ತಾಳೆ. ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಿದ್ದರು. ಎತ್ತುವವಳು ದೇವಕಿಯ ಅತ್ತಿಗೆ, ಹಿಡಿಯುವವಳು ದೇವಕಿ. ನಡುವೆ ಚಹಾ ಬಂತೆಂದು ದೇವಕಿ ಹೊರಗೆ ಹೋದಾಗ ನಾನು ಅತ್ತಿಗೆಗೆ, “ಮೈಕ್ ನೋಡೂಕೆ ಒಂದ್ ಸಾಲು ಹೇಳಿ” ಎಂದೆ. ಅವಳು ಹೇಳಿದ್ದೇ ತಡ, ಗಾಜಿನಾಚೆಯಿಂದ, ಬಾಯಿತುಂಬ ಚಹಾ ಇಟ್ಟುಕೊಂಡೇ ದೇವಕಿ ತಿರುಗಿ ಹಾಡಿದಳು. ಚಹಾ ಅವಳ ಸೀರೆಯ ಮೇಲೆ, ನಮ್ಮ ಗಾಜಿನ ಮೇಲೆ.

“ಟೆಸ್ಟಿಂಗ್ ಮಾರಾಯ್ತಿ, ಬರೇ ಟೆಸ್ಟಿಂಗ್!” ಎಂದು ನಾನು ಕೂಗಿದೆ.

“ಟೆಸ್ಟಿಂಗೋ ಗಿಸ್ಟಿಂಗೋ. ಸೊಲ್ಲು ನೆಲಕ್ಕೆ ಬೀಳೂಕೆ ಬಿಡೂದಾ? ಹೇಳ್ದವ್ಳ ಬಾಯಿ ಒಣಗ್ತದೆ” ಎಂದು ಅವಳು ಸೆರಗಿನಿಂದ ಗಾಜು ಒರೆಸಿದಳು. ಅದು ಅವರ ಮನೆತನದ ನಂಬಿಕೆ. ಗದ್ದೆಯ ಆ ತುದಿಯಲ್ಲಿ ಯಾರೋ ಒಂದು ಸಾಲು ಎತ್ತಿದರೂ ಈ ತುದಿಯವರು ಹಿಡಿಯಲೇಬೇಕು, ಜಗಳವಾಡಿ ಮಾತು ಬಿಟ್ಟಿದ್ದರೂ ಹಿಡಿಯಬೇಕು.

ಮುಂದೆ ಆ ಭಾಗದ ಜಮೀನು ನೌಕಾನೆಲೆಗೆ ಹೋಯಿತು. ಊರವರು ಮನೆ ಬಿಟ್ಟು ಏಳಬೇಕಾಯಿತು, ಒಂದು ಸಂಸಾರ ಆ ಕಡೆ, ಒಂದು ಈ ಕಡೆ. ದೇವಕಿಯ ಮನೆಯವರು ಅಂಕೋಲೆಯ ದಾರಿಯಲ್ಲಿ ಹಾರವಾಡದ ಹತ್ತಿರ ನೆಲೆಸಿದರು. ಅತ್ತಿಗೆ ಹೊಸ ಜಾಗದಲ್ಲಿ ಬಹಳ ವರ್ಷ ಬಾಳಲಿಲ್ಲ. ಅವಳು ಹೋದ ಮೇಲೆ ದೇವಕಿ ಹಾಡುವುದನ್ನು ಬಿಟ್ಟಳು. ಎತ್ತುವವರಿಲ್ಲದೆ ಹಿಡಿಯುವುದು ಏನನ್ನು ಎಂಬುದು ಅವಳ ಲೆಕ್ಕ. ಆದರೆ ಬಿಡುವ ಮೊದಲು ಪದಗಳನ್ನೆಲ್ಲ ಮಗಳಿಗೆ ಕಲಿಸಿದ್ದಳು.

ಆ ಮಗಳೇ ಶೈಲಾ. ಇಪ್ಪತ್ತು ದಾಟುವಷ್ಟರಲ್ಲಿ ನಮ್ಮ ಸ್ಟುಡಿಯೊಗೆ ಬಂದಳು. ಅಬ್ಬಾ, ಎಂಥ ಕಂಠ! ಮಣ್ಣಿನ ಗುಮಟೆಯ ಬಡಿತಕ್ಕೆ ಕೀಬೋರ್ಡು ಸೇರಿಸಿ ನಾವು ತಾಯಿಯ ಪದಗಳನ್ನೇ ಅವಳಿಂದ ಹಾಡಿಸಿದೆವು. ರಿಕ್ಷಾದಲ್ಲಿ, ಮದುವೆ ಮನೆಯಲ್ಲಿ, ಕ್ರಿಕೆಟ್ ಪಂದ್ಯದ ಮೈದಾನದಲ್ಲಿ ಎಲ್ಲೆಲ್ಲೂ ಶೈಲಾ. ಯಾವ ಊರಿನ ವೇದಿಕೆಗೆ ಹೋದರೂ ಕೊರಳ ತುಂಬ ಮಣಿಸರ ಹಾಕಿಸಿ ಅವವೇ ನಾಲ್ಕು ಪದ ಹಾಡಿಸುತ್ತಿದ್ದರು. ಹದಿನೈದು ವರ್ಷ ಹಾಡಿದಳು. ನಾನು ಅವಳ ಒಂದು ಸ್ವರ ತಿದ್ದಿದ ನೆನಪಿಲ್ಲ.

ನನ್ನ ಕೊನೆಯ ವರ್ಷ ಒಂದು ಬೆಳಿಗ್ಗೆ ಅವಳು ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತಳು. ನನ್ನನ್ನೂ ಅವಳು ಮಾಮಾ ಎಂದೇ ಕರೆಯುತ್ತಿದ್ದಳು. “ಮಾಮಾ, ನಾನೇ ಬರ್ದ ಏಳು ಪದ ಅವೆ. ಈ ಸಲ ಗುಮಟೆ ಬೇಡ, ಕೀಬೋರ್ಡೂ ಬೇಡ.”

“ಮತ್ತೆ ಎಂತಾ ಇಟ್ಕಂಡು ಹಾಡ್ತೆ ತಂಗಿ?”

“ಬೈತಖೋಲ ಬಂದರು ಅದ್ಯಲಾ.”

ನಾನು ನಕ್ಕೆ. ತೆಂಗಿನಕಾಯಿ ಹಾಕದ ಮೀನುಸಾರು ಮಾಡುತ್ತೇನೆ ಎಂದ ಹಾಗಾಯಿತು ಎಂದೆ. ಅವಳು ನಗಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಬೈತಖೋಲ ಬಂದರಿಗೆ ಎಳೆದುಕೊಂಡು ಹೋದಳು. ಟ್ರಾಲರುಗಳು ಬಂದು ಮೀನಿನ ಹರಾಜು ನಡೆದಿತ್ತು. ಅವಳು ಕೂಗುವವನ ಪಕ್ಕದಲ್ಲಿ ಕಣ್ಣುಮುಚ್ಚಿ ನಿಂತು ಅವನ ದನಿ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಕೇಳಿದಳು. ಕೇಳಿ, ಅದೇ ಸ್ವರದ ಮೇಲೆ ಮೆಲ್ಲಗೆ ತನ್ನ ಮೊದಲ ಸಾಲನ್ನು ಎತ್ತಿದಳು. ಐಸು ಪುಡಿಮಾಡುವ ಮಷಿನ್ನಿನ ಗರಗರವೇ ತಾಳ. ಹಗ್ಗ ಜಗ್ಗಿದಾಗ ಬರುವ ಕಿರ್ರೆನ್ನುವ ಸದ್ದು ತಂಬೂರಿ. ಮೀನು ಹೊರುವ ಹೆಂಗಸರು ಬುಟ್ಟಿ ಇಳಿಸಿ ನೋಡತೊಡಗಿದರು. ಜಾನಪದ ಹಾಡುವವಳು ಎಂದು ನಾವೆಲ್ಲ ಅವಳಿಗೆ ಚೀಟಿ ಅಂಟಿಸಿ ದಾರಕ್ಕೆ ತೂಗುಹಾಕಿದ್ದೆವು ಎಂದು ಅವತ್ತು ನಾಚಿಕೆಯಾಯಿತು.

ಬಂದರಿನ ಸದ್ದುಗಳನ್ನು ರೆಕಾರ್ಡ್ ಮಾಡಿ ತಂದಮೇಲೆ ಸ್ಟುಡಿಯೊದಲ್ಲಿ ಹಾಡುವ ಕೆಲಸ. ಶೈಲಾ ಸೊಂಟ ಬಗ್ಗಿಸಿ, ಕೈಗಳನ್ನು ಮೊಣಕಾಲ ಹತ್ತಿರ ಇಳಿಬಿಟ್ಟು ನಿಂತಳು. ನಾನು ಹೇಳಿಸಿಕೊಳ್ಳದೆ ಮೈಕು ಇಳಿಸಿದೆ.

“ಬೇಲಿಯೇ ಇರದ ಗದ್ದೆಗೆ ಗೇಟಾಯ್ತೇ ತಂಗಿ” ಎಂದು ಹಾಡಿ ಸುಮ್ಮನಾದಳು. ಒಂದು ಸಾಲು ಹಾಡುವಷ್ಟೇ ಹೊತ್ತು ಸುಮ್ಮನೆ. ಆಮೇಲೆ, “ಸಸಿಯ ಮಡಿಗೆ ಡಾಂಬರಾಯ್ತೇ ತಂಗಿ.” ಮತ್ತೆ ಸುಮ್ಮನೆ. “ಅಂಗಳದ ಬಾವಿ ಎಲ್ಹೋಯ್ತೇ ತಂಗಿ.” ಈ ಸಲ ಅವಳು ಸುಮ್ಮನಿದ್ದಾಗ ಕೆಳಗಿನ ಅಂಗಡಿಯಲ್ಲಿ ಯಾರೋ ಠಣ್ಣೆಂದು ಕೊಡಪಾನ ಬಡಿದರು. ನಾನು ಕೈ ಎತ್ತಿ ಇನ್ನೊಮ್ಮೆ ಹಾಡು ಎಂದೆ. ಬೇಡ, ಇದೇ ಇರಲಿ ಎಂದಳು. ಮೂವತ್ತೆಂಟು ವರ್ಷ ಆ ಕೊಡಪಾನವನ್ನು ಬೈದುಕೊಂಡವನು ನಾನು. ಹಲ್ಲು ಕಚ್ಚಿ ರೆಕಾರ್ಡಿಂಗ್ ಮುಂದುವರಿಸಿದೆ.

ಏಳೂ ಪದಗಳು ಆ ತರಹವೇ. ಪ್ರತಿ ಸಾಲಿನ ನಂತರವೂ ಒಂದು ಸಾಲಿನಷ್ಟು ಬರಿದು. ಅಲ್ಲಿ ಯಾವ ವಾದ್ಯ ತುಂಬಿಸುತ್ತೀ ಎಂದು ಕೇಳಿದರೆ ಏನೂ ಇಲ್ಲ, ಬಂದರಿನ ಸದ್ದೂ ಸಾಲಿನ ಜೊತೆಗೆ ಮಾತ್ರ ಎಂದಳು. ಎಲ್ಲ ಮುಗಿದ ದಿನ ಒಂದು ಪದವನ್ನು ಫೋನಿಗೆ ಹಾಕಿಸಿಕೊಂಡು ತಾಯಿಗೆ ಕೇಳಿಸಲು ಹೋದಳು. ಎರಡು ದಿನ ಬಿಟ್ಟು ಬಂದವಳ ಮುಖ ಬಾಡಿತ್ತು.

“ಎರಡ್ ಸಾಲ್ ಕೇಳಿ ಎದ್ದೇ ಹೋತು ಆಯಿ. ‘ಸೊಲ್ಲೆಲ್ಲ ನೆಲಕ್ಕೆ ಬೀಳ್ತೇ ಅದೆ, ಇದು ಪದ ಅಲ್ಲ, ಇದ್ನ ನನ್ ಮನಿಗೆ ತರ್ಬೇಡ’ ಅಂತು.”

“ಹೋಗ್ಲಿ ಬಿಡು. ಹಳೇ ಕಾಲದವ್ರು. ಕೇಳೋರು ಬೇರೆ ಇದ್ರಲ್ಲ.”

“ಇಲ್ಲ ಮಾಮಾ. ನನ್ ಬಾಯಿಗೆ ಪದ ಕೊಟ್ಟದ್ದೇ ಆಯಿ. ಆಯಿ ಇದ್ನ ಪದ ಅಂತ ಒಪ್ಪದಿದ್ರೆ ನಾ ಇದ್ನ ಹೊರ್ಗೆ ಬಿಡೂದಿಲ್ಲ. ಏಳೂ ಅಳಿಸಿಬಿಡಿ” ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡು ಇಳಿದುಹೋದಳು.

ಈಗ ನನ್ನ ಎಡವಟ್ಟು. ನಾನು ಯೋಚಿಸಿದೆ: ಸೊಲ್ಲು ನೆಲಕ್ಕೆ ಬೀಳುತ್ತದೆ ಎಂಬುದು ತಾನೇ ಮುದುಕಿಯ ತಕರಾರು? ಬೀಳಲು ಜಾಗವೇ ಇಲ್ಲದಿದ್ದರೆ? ಆಹಾ, ಎಂಥ ತಲೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಇಡೀ ದಿನ ಕೂತು ಏಳು ಪದಗಳ ಎಲ್ಲ ಖಾಲಿ ಜಾಗವನ್ನೂ ಕತ್ತರಿಸಿದೆ. ಸಾಲಿಗೆ ಸಾಲು ಅಂಟಿತು. ಪದಗಳು ಅರ್ಧಕ್ಕರ್ಧ ಗಿಡ್ಡವಾಗಿ ಕುದುರೆಯಂತೆ ಓಡಿದವು. ಕೊಡಪಾನವೂ ಹೋಯಿತು, ನನಗೆ ಹಬ್ಬವಾಯಿತು. ಫೋನು ಮಾಡಿ, “ಬಾ ತಂಗಿ, ನಿನ್ನ ಆಯಿಯ ಜಗಳ ನಾ ಮುಗ್ಸಿದೆ” ಎಂದೆ.

ಶೈಲಾ ಬಂದು ಹೆಡ್‌ಫೋನ್ ಹಾಕಿಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು. ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ಮಾಮಾ, ಆಯಿಯ ಜಾಗ ಎಲ್ಲಿ?”

“ಎಂತಾ ಜಾಗ?”

“ಆ ಖಾಲಿ ಬಿಟ್ಟದ್ದು ಆಯಿಗೆ. ತೀರ್ಹೋದ ಅತ್ತೆಗೆ. ಆ ಗದ್ದೇಲಿ ಹಾಡ್ತಿದ್ದೋರ್ಗೆಲ್ಲ. ಈಗ ಹಿಡಿಯೋರು ಯಾರಿದ್ರು ಹೇಳಿ, ನಾ ಎತ್ತಿದ್ರೆ? ಹದಿನೈದು ವರ್ಷ ನೀವು ಅಲ್ಲಿ ಕೀಬೋರ್ಡ್ ತುಂಬ್ಸಿದ್ರಿ, ನಾ ಸುಮ್ನಿದ್ದೆ. ಈ ಸಲ ಯಾರೂ ಇಲ್ಲ ಅಂಬುದು ಕೇಳ್ಲಿ ಅಂತಲೇ ಖಾಲಿ ಇಟ್ಟದ್ದು. ಅದ್ನೂ ಕತ್ತರ್ಸಿದ್ರಿ ನೀವು.”

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ತಪ್ಪಿಸಿಕೊಳ್ಳುತ್ತಿದ್ದೆ. ಮೂವತ್ತೆಂಟು ವರ್ಷ ಹಾಡಿನ ಬಾಲ ಮೂಗು ನೋಡಿದವನಿಗೆ, ಗಾಜಿನಾಚೆಯಿಂದ ಚಹಾ ಉಗುಳಿ ಸೊಲ್ಲು ಹಿಡಿದವಳನ್ನು ಕಣ್ಣಾರೆ ಕಂಡವನಿಗೆ, ಇದು ಹೊಳೆಯಲಿಲ್ಲವಲ್ಲ ಎಂದು ತಲೆ ತಗ್ಗಿಸಿದೆ. ಕೆಲಸ ಕಲಿತದ್ದು ಹೆಚ್ಚಾಗಿ ನನ್ನ ಕಿವಿ ಕಿವುಡಾಗಿತ್ತು.

ಆಮೇಲೆ ‘ಕಸ’ ನೆನಪಾಯಿತು. ತೆರೆದೆ. ಎಲ್ಲವೂ ಇದ್ದವು: ಪದ ಮೂರು, ಸಾಲು ಎರಡು, ಖಾಲಿ; ಪದ ಮೂರು, ಸಾಲು ಮೂರು, ಖಾಲಿ, ಕೊಡಪಾನ. ಶೈಲಾ ನೋಡಿ ಅಳುತ್ತಲೇ ನಕ್ಕಳು. ಇಬ್ಬರೂ ಕೂತು ಎರಡು ದಿನ ಅವುಗಳನ್ನು ಮರಳಿ ಜೋಡಿಸಿದೆವು. ಖಾಲಿ ಎಂದರೆ ಎಲ್ಲ ಒಂದೇ ತಾನೇ, ಯಾವುದಾದರೇನು ಎಂದು ಒಂದೆಡೆ ನಾನು ಬೇರೆಯದನ್ನು ಇಟ್ಟೆ. “ಅದಲ್ಲ ಮಾಮಾ, ಅಲ್ಲಿ ನಾ ಉಸಿರು ಹಿಡಿದಿದ್ದೆ” ಎಂದು ಥಟ್ಟನೆ ಹೇಳಿದಳು. ಹೆಡ್‌ಫೋನ್ ಒತ್ತಿ ಕೇಳಿದರೆ ಹೌದು. ಒಂದರಲ್ಲಿ ದೂರದ ಕಾಗೆ, ಒಂದರಲ್ಲಿ ಅವಳ ಬಳೆ, ಒಂದರಲ್ಲಿ ಬಸ್ಸು ಗೇರ್ ಬದಲಿಸಿದ್ದು. ನನಗಿಂತ ಎಷ್ಟೋ ಕಿರಿಯಳಾದ ಈ ಹೆಣ್ಣುಮಗಳ ಕಿವಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಕೂಡಿಸಿ ಮುಗಿದ ಮೇಲೆ, “ನಡಿ, ಹಾರವಾಡಕ್ಕೆ ನಾನೂ ಬತ್ತೆ” ಎಂದೆ. ತಪ್ಪು ಮಾಡಿದವನು ನಾನು, ಬೈಗುಳ ತಿನ್ನುವುದಿದ್ದರೂ ನಾನೇ ತಿನ್ನಬೇಕು.

ದೇವಕಿ ಜಗಲಿಯ ಮೇಲೆ ಮೊರ ಮುಂದಿಟ್ಟುಕೊಂಡು ಒಣ ಶೆಟ್ಲಿ ಸಿಗಡಿಯ ತಲೆ ಮುರಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಿತು. “ಅಯ್ಯ, ಮಾಸ್ತರ್ರಾ! ಕೂತ್ಕಳಿ, ಕೂತ್ಕಳಿ” ಎಂದಳು. ನಾನು ಚೀಲದಿಂದ ಸ್ಪೀಕರ್ ತೆಗೆದ ಕೂಡಲೇ ಮುಖ ಗಂಟಾಯಿತು.

“ಅದ್ನೇ ತಂದ್ರಾ? ನಾ ಹೇಳ್ದ್ನಲ್ಲ ಇವ್ಳ ಹತ್ರ, ಬೇಡ ಅಂತ.”

“ದೇವಕ್ಕಾ, ನಿನ್ನ ಮಾತು ಕೇಳಿ ಇದರ ಬರಿದು ಜಾಗ ಎಲ್ಲ ಕತ್ತರ್ಸಿದ್ದೆ. ಈ ಹುಡುಗಿ ಹತ್ರ ಬೈಸ್ಕೊಂಡು ತಿರ್ಗಿ ಹಚ್ಚಿಕೊಂಡು ಬಂದೆ. ಮನಿಗೆ ಬಂದವ್ನ ಮರ್ಯಾದಿಗೆ ಒಂದು ಪದ ಕೇಳು. ಬೇಡ ಅಂದ್ರೆ ನಿನ್ನ ಎದ್ರೇ ಅಳಿಸ್ತೆ.”

ದೇವಕಿ ಮೊರವನ್ನು ಹತ್ತಿರ ಎಳೆದುಕೊಂಡು ಕೆಲಸ ಮುಂದುವರಿಸಿದಳು. ಶೈಲಾ ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತಳು. ನಾನು ಮೂರನೆಯ ಪದ ಹಾಕಿದೆ.

ಬೇಲಿಯೇ ಇರದ ಗದ್ದೆಗೆ ಗೇಟಾಯ್ತೇ ತಂಗಿ. ಆಮೇಲೆ ಬರಿದು. ಶೆಟ್ಲಿ ಮುರಿಯುವ ಚಟಚಟ ಮಾತ್ರ ಕೇಳುತ್ತಿತ್ತು. ಸಸಿಯ ಮಡಿಗೆ ಡಾಂಬರಾಯ್ತೇ ತಂಗಿ. ಚಟಚಟ ನಿಧಾನವಾಯಿತು. ಅವಳ ತುಟಿ ಅಲುಗಿದ್ದು ನನಗೆ ಕಂಡಿತು, ದನಿ ಬರಲಿಲ್ಲ. ಶೈಲಾ ತಲೆ ಎತ್ತಲಿಲ್ಲ.

ಅಂಗಳದ ಬಾವಿ ಎಲ್ಹೋಯ್ತೇ ತಂಗಿ. ಆಮೇಲೆ ಠಣ್ಣೆಂದು ಆ ಕೊಡಪಾನದ ಸದ್ದು. ದೇವಕಿ ಬಾವಿಕಟ್ಟೆಗೆ ಯಾರೋ ಕೊಡ ತಾಗಿಸಿದರು ಎಂಬಂತೆ ತಟ್ಟನೆ ಸದ್ದಿನತ್ತ ಮುಖ ಮಾಡಿದಳು. ಕೈಯಲ್ಲಿದ್ದ ಶೆಟ್ಲಿ ಮೊರಕ್ಕೆ ಬಿತ್ತು.

“ಅಲ್ಲೇ ಅದ್ಯೇ ತಂಗಿ, ಅಲ್ಲೇ ಅದ್ಯೇ.”

ಹಾಡಿದಳು. ಇಷ್ಟು ವರ್ಷ ಮುಚ್ಚಿದ್ದ ಗಂಟಲು, ಬಿರುಕು ಬಿಟ್ಟು, ಆದರೂ ಸ್ವರ ತಪ್ಪದೆ ಬಂತು. ಹೇಳಿದ ಸಾಲನ್ನೇ ತಿರುಗಿ ಹೇಳುವುದು ಅವರ ಪದ್ಧತಿ. ಅವಳು ತಿರುಗಿ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅದಾಗಲೇ ಮುಂದಿನ ಸಾಲು ಶುರುವಾಗಿತ್ತು. ಅವಳ ದನಿಯ ಬಾಲ ಮಗಳ ದನಿಯ ಮೇಲೆ ಬಿತ್ತು. ಶೈಲಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪದ ಮುಗಿಯುವವರೆಗೆ ದೇವಕಿ ಒಂದೇ ಒಂದು ಸೊಲ್ಲನ್ನೂ ನೆಲಕ್ಕೆ ಬೀಳಲು ಬಿಡಲಿಲ್ಲ.

ಚಟ ನೋಡಿ, ನನ್ನ ಕೈ ಜೇಬಿನಲ್ಲಿದ್ದ ಫೋನಿಗೆ ಹೋಗಿತ್ತು, ರೆಕಾರ್ಡ್ ಒತ್ತಲು. ಶೈಲಾ ಮುಖದಿಂದ ಕೈ ತೆಗೆದು ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು. ಆ ಪದಗಳು ಮುಂದೆ ಹೊರಗೆ ಬಂದಾಗಲೂ ಖಾಲಿ ಜಾಗ ಖಾಲಿಯಾಗಿಯೇ ಇತ್ತು. ಕೇಳಿದವರು ಬೇಕಾದರೆ ಹಿಡಿಯಲಿ ಎಂದಳು ಶೈಲಾ.

ಅವತ್ತು ದೇವಕಿ ಬಹಳ ಹೊತ್ತು ಮೊರದಲ್ಲಿ ಬಿದ್ದ ಶೆಟ್ಲಿಯನ್ನು ಹುಡುಕಿದಳು. ಆಮೇಲೆ ನನ್ನತ್ತ ತಿರುಗಿ, ಶಾಲೆಯಲ್ಲಿ ತಪ್ಪು ಉತ್ತರ ಹೇಳಿದವರಂತೆ ಸಂಕೋಚದಿಂದ ಹೇಳಿದಳು.

“ಮತ್ತೊಂದ್ ಸಲ ಹಾಕಿ ಮಾಸ್ತರ್ರೆ. ಬಾವಿ ಸೊಲ್ಲಲ್ಲಿ ನಾ ತಡ ಮಾಡ್ದೆ.”

ಮತ್ತೊಂದು ಸಲ ಹಾಕಿದೆ.